ನೆರೆಮನೆಯ ಕೋಳಿಗೆ ಯಾವ ಸೂತಕ?

ಲಿಂಗ ಕಟ್ಟಿಕೊಂಡವರಿಗೆ ಐದು ಸೂತಕಗಳಿಲ್ಲವೆಂದು ನಮ್ಮಜ್ಜಿ ಕಲಿಸಿದ್ದಳು. ಜನನ, ಮರಣ, ರಜಸ್ಸು, ಎಂಜಲು, ಜಾತಿ. ಅಕ್ಕಲಕೋಟೆ ತಾಲೂಕಿನ ಹಳ್ಳಿಯ ಪಡಸಾಲೆಯಲ್ಲಿ ಕಲಿತ ಆ ಪಾಠ ಮೊನ್ನೆ ಸೊಲ್ಲಾಪುರದ ನಮ್ಮ ಸೊಸೈಟಿಯ ಸಭೆಯಲ್ಲಿ ನೆನಪಾಯಿತು. ವಸತಿ ಜಾಗದಲ್ಲಿ ಯಾರೂ ಕೋಳಿ ಸಾಕಬಾರದೆಂಬ ಠರಾವು ಅಲ್ಲಿ ಚರ್ಚೆಗೆ ಬಂದಿತ್ತು.

ಗದ್ದಲ, ವಾಸನೆ, ಹಕ್ಕಿಜ್ವರ ಎಂದು ಮೊದಲು ಮಾತಾಡಿದವರಿಗೆ ನಾನೂ ತಲೆಯಾಡಿಸಿದೆ. ಆಮೇಲೆ ನನ್ನದೇ ಸಮಾಜದ ಹಿರಿಯರೊಬ್ಬರು ಎದ್ದರು. "ಮುಂಜಾನೆ ಪೂಜಿಗೆ ಕೂತಾಗ ಕೋಳಿ ಅಂಗಳದಾಗ ಬಂದ್ರ ಮೈಲಿಗಿ ಆಗ್ತದ" ಅಂದರು. ಯಾರೂ ಎದುರಾಡಲಿಲ್ಲ. ಅವರ ಮಾತು ಠರಾವಿನ ಕರಡಿನಲ್ಲಿ ಮೊದಲ ಕಾರಣವಾಗಿ ಸೇರಿತು.

ಕಾಯ್ದೆಯ ಮಾತು ಬೇರೆ. ನಮ್ಮ ಮಹಾನಗರಪಾಲಿಕೆ ನಡೆಯುವುದು 1949ರ ಕಾಯ್ದೆಯಂತೆ. ನೆರೆಯವರಿಗೆ ಉಪದ್ರವವಾದರೆ ತಡೆಯುವ ಅಧಿಕಾರ ಪಾಲಿಕೆಗಿದೆ, ಇರಲೇಬೇಕು. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿ 45 ಡೆಸಿಬಲ್ ಮಿತಿ ಹಾಕಿವೆ. 2006ರಲ್ಲಿ ನಮ್ಮ ರಾಜ್ಯದ ನವಾಪುರದಲ್ಲೇ ದೇಶದ ಮೊದಲ ಹಕ್ಕಿಜ್ವರ ಕಾಣಿಸಿಕೊಂಡು ಲಕ್ಷಗಟ್ಟಲೆ ಕೋಳಿಗಳನ್ನು ಕೊಲ್ಲಬೇಕಾಯಿತು. ಆ ಭಯ ಸುಳ್ಳಲ್ಲ.

ಆದರೆ ಠರಾವು ಯಾರ ಮೇಲೆ ಬೀಳುತ್ತದೆಂದು ನನಗೆ ಗೊತ್ತು. ನಮ್ಮ ಹಿಂದಿನ ಓಣಿಯಲ್ಲಿ ಬೀಡಿ ಕಟ್ಟುವ ಹೆಣ್ಣುಮಗಳಿದ್ದಾಳೆ. ಅವಳ ಹಿತ್ತಲಲ್ಲಿ ನಾಲ್ಕು ಜವಾರಿ ಹ್ಯಾಟಿ, ಒಂದು ಹುಂಜ. ಸಭೆಯ ಮರುದಿನ ನೋಡಲು ಹೋದೆ. ಹಳೆಯ ಬಿದಿರುಬುಟ್ಟಿಯೊಳಗೆ ಕಂದು ಹ್ಯಾಟಿಯೊಂದು ಕಾವಿಗೆ ಕೂತಿತ್ತು. ಕೈ ಹತ್ತಿರ ಒಯ್ದರೆ ಮೈಯ ಪುಕ್ಕವೆಲ್ಲ ಉಬ್ಬಿಸಿ ಗುರ್ ಅಂದಿತು, ಎದ್ದು ಹೋಗಲಿಲ್ಲ. ತತ್ತಿಗಳನ್ನು ಎದೆಯಡಿಗೆ ಇನ್ನಷ್ಟು ಎಳೆದುಕೊಂಡಿತು. ನೆಲ ಗುಡಿಸಿ ಬೂದಿ ಚೆಲ್ಲಿದ್ದಳು, ವಾಸನೆ ಇರಲಿಲ್ಲ.

"ಮಾಸ್ತರ್ರ, ಹುಂಜ ಬೇಕಾದ್ರ ತವರಿಗಿ ಕಳಸ್ತೀನ್ರಿ. ಹ್ಯಾಟಿ ಇರ್ಲಿ. ತತ್ತಿ ಮಾರಿದ್ರ ಹುಡುಗಿ ವಹಿ-ಪೆನ್ನಿಗಿ ಆಗ್ತದ" ಅಂದಳು.

ಹುಂಜವಿಲ್ಲದಿದ್ದರೂ ಹ್ಯಾಟಿ ತತ್ತಿ ಇಡುತ್ತದೆ, ಮರಿ ಮಾತ್ರ ಆಗುವುದಿಲ್ಲ. ಕತ್ತಲಲ್ಲಿ ಮುಚ್ಚಿಟ್ಟರೆ ಹುಂಜ ಸುಮ್ಮನಿರುತ್ತದೆಂದು ಕೆಲವರು ಹೇಳುತ್ತಾರೆ. ಅದಕ್ಕೆ ಮೈಯೊಳಗೇ ಗಡಿಯಾರವಿದೆ, ಬೆಳಕಿಲ್ಲದಿದ್ದರೂ ಹೊತ್ತಿಗೆ ಕೂಗುತ್ತದೆಂದು ಜಪಾನಿನ ನಾಗೋಯಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ತೋರಿಸಿಕೊಟ್ಟಿದ್ದಾರೆ. ಗದ್ದಲವೇ ತಕರಾರಾದರೆ ಅವಳ ಮಾತಿನಲ್ಲಿ ಪರಿಹಾರವಿತ್ತು. ಮೈಲಿಗೆಯೆಂಬ ತಕರಾರಿಗೆ ಅವಳೇನು ಮಾಡಬಲ್ಲಳು?

ನಾನು ಮಾಂಸ ತಿನ್ನುವವನಲ್ಲ. ಕೊಯ್ಯುವವರ ಮಗ್ಗುಲಲ್ಲಿ ಬದುಕಿದರೆ ಆ ಹಿಂಸೆಯಲ್ಲಿ ನನಗೂ ಪಾಲಿದೆಯೇ ಎಂದು ಬಹಳ ಯೋಚಿಸಿದ್ದೇನೆ. ನನ್ನ ವ್ರತ ನನ್ನ ನಾಲಗೆಯನ್ನು ಕಟ್ಟುತ್ತದೆ, ನೆರೆಯವಳ ಒಲೆಯನ್ನು ಕಟ್ಟಲಾರದು. ಜಾತಿಸೂತಕವನ್ನೇ ಕಿತ್ತೆಸೆದ ಶರಣರ ಹೆಸರು ಹೇಳುತ್ತ, ಕೋಳಿ ಸಾಕುವವರನ್ನು ಕೋಳಿಯ ನೆವದಲ್ಲಿ ದೂರವಿಡುವುದು ಅದೇ ಸೂತಕವನ್ನು ಹಿತ್ತಲ ಬಾಗಿಲಿನಿಂದ ಒಳಗೆ ಕರೆದಂತೆ. ಈ ಊರು ಸಿದ್ಧರಾಮರದು. ಕೆರೆ ಕಟ್ಟುತ್ತಿದ್ದ ಅವರ ಬಳಿಗೆ ಅಲ್ಲಮಪ್ರಭು ಬಂದು, ಹೊರಗಿನ ಕೆಲಸದಲ್ಲೇ ಮುಳುಗಿ ಒಳಗನ್ನು ಮರೆತೆಯಾ ಎಂದು ಕೆಣಕಿದ ಕಥೆಯನ್ನು ಶೂನ್ಯಸಂಪಾದನೆ ಹೇಳುತ್ತದೆ. ಅಂಗಳ ಗುಡಿಸಿಕೊಂಡ ಮಾತ್ರಕ್ಕೆ ಶುದ್ಧರಾದೆವೆಂದು ನಂಬಿದವರಿಗೂ ಆ ಪ್ರಶ್ನೆ ಸಲ್ಲುತ್ತದೆ.

ಹಿಂಸೆ ನೋಡಬೇಕಿದ್ದರೆ ಅಕ್ಕಲಕೋಟೆ ರಸ್ತೆಗೆ ಬನ್ನಿ. ಬ್ರಾಯ್ಲರ್ ಕೋಳಿಗಳನ್ನು ಪಂಜರಗಳಲ್ಲಿ ಒತ್ತಿ ತುಂಬಿದ ಗಾಡಿಗಳು ಸುಡುಬಿಸಿಲಲ್ಲಿ ಹೋಗುತ್ತವೆ. ರೆಕ್ಕೆ ಬಿಚ್ಚಲು ಜಾಗವಿಲ್ಲ, ಬಾಯಿ ತೆರೆದು ತೇಕುತ್ತಿರುತ್ತವೆ. ಅದನ್ನು ಕಂಡು ಯಾವ ಸೊಸೈಟಿಯೂ ಸಭೆ ಕರೆದಿಲ್ಲ. ಮಣ್ಣು ಕೆದರಿಕೊಂಡು, ನುಚ್ಚು ತಿಂದುಕೊಂಡು ಬದುಕಿರುವ ನಾಲ್ಕು ಹ್ಯಾಟಿಗಳ ಮೇಲೆ ಮಾತ್ರ ನಮ್ಮ ಧರ್ಮ ಜಾಗೃತವಾಗುತ್ತದೆ.

ಅದೇ ರಸ್ತೆಯ ಕುಂಭಾರಿಯಲ್ಲಿ 2006ರಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೆ 10,000 ಮನೆಗಳ ಗೋದೂತಾಯಿ ಪರುಳೇಕರ್ ವಸಾಹತು ಕೈಗೂಡಿತು. ವರ್ಷಗಟ್ಟಲೆ ಹೋರಾಡಿ ಪಡೆದ ಸೂರು ಅದು. ಇಂಥ ದುಡಿಯುವ ಹೆಂಗಸರಿಗೆ ತತ್ತಿಯ ಚಿಲ್ಲರೆ ಸಣ್ಣ ಮಾತಲ್ಲ.

ನಮ್ಮ ಸೊಸೈಟಿಯವರಲ್ಲಿ ನನ್ನ ಬಿನ್ನಹ ಇಷ್ಟೇ. ಗೂಡು ದಿನಾ ಗುಡಿಸಬೇಕು, ಕೋಳಿ ಅವರವರ ಹಿತ್ತಲು ದಾಟಬಾರದು, ಹುಂಜ ಬೇಡ, ಒಮ್ಮೆಲೇ ಕೋಳಿ ಸತ್ತರೆ ಪಶುವೈದ್ಯರಿಗೆ ತಿಳಿಸಬೇಕೆಂದು ಬರೆಯಿರಿ. ಮೈಲಿಗೆಯ ಕಾರಣವನ್ನು ಹೊಡೆದುಹಾಕಿ. ಹಾಗೆ ಬರೆದು ತಂದರೆ ಮೊದಲ ಸಹಿ ನನ್ನದು.