ಹಲ್ಲಿಗೊಂದು ತುತ್ತು

ನಮ್ಮ ರೋಣದ ಮನೆಯಲ್ಲಿ ಹಲ್ಲಿಗೆ ಯಾರಾದರೂ ಊಟ ಹಾಕಿದ್ದನ್ನು ನಾನು ಕಂಡಿಲ್ಲ. ತನಗೆ ಬೇಕಾದ್ದನ್ನು ಅದೇ ಟ್ಯೂಬ್‌ಲೈಟಿನ ಸುತ್ತ ಹುಡುಕಿಕೊಳ್ಳುತ್ತದೆ. ನಮಗೂ ಅದಕ್ಕೂ ಇರುವ ವ್ಯವಹಾರ ಇಷ್ಟೇ: ಮಾತಿನ ನಡುವೆ ಅದು ಲೊಚಗುಟ್ಟಿದರೆ ‘ಖರೇ ಐತಿ ನೋಡ್ರಿ’ ಎಂದು ನೆಲಕ್ಕೆ ಬೆರಳು ಕುಟ್ಟುವುದು, ಮೈಮೇಲೆ ಬಿದ್ದರೆ ಪಂಚಾಂಗ ತೆಗೆದು ಎಡಭುಜಕ್ಕೇನು ಫಲ, ಬಲಗೈಗೇನು ಫಲ ಎಂದು ನೋಡುವುದು, ಹಾಲಿನ ಪಾತೇಲಿಗೆ ಬಿದ್ದರೆ ವಿಷವೆಂದು ಹಾಲು ಚೆಲ್ಲುವುದು. ಹಲ್ಲಿಯಲ್ಲಿ ವಿಷವಿಲ್ಲ, ಅದರ ಮೈಮೇಲಿನ, ಹಿಕ್ಕೆಯೊಳಗಿನ ರೋಗಾಣುಗಳಿಂದ ಹೊಟ್ಟೆ ಕೆಡಬಹುದು ಅಷ್ಟೆ ಎಂದು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ. ತಿಳಿಸಿದವನು ನನ್ನ ಅಣ್ಣನ ಮಗ. ಅವನು ಬೆಂಗಳೂರಿನ ತನ್ನ ಬಾಡಿಗೆ ಮನೆಯಲ್ಲಿ ಎರಡು ಹಲ್ಲಿಗಳನ್ನು ಸಾಕಿದ್ದಾನೆ!

ನೀವು ನಕ್ಕಿರಬೇಕು. ನಾನೂ ನಕ್ಕಿದ್ದೆ. ಹೋಗಿ ನೋಡಿದ ಮೇಲೆ ನಗು ನಿಂತಿತು. ಹಾಲ್‌ನಲ್ಲಿ ದೇವರ ಮಂಟಪದಷ್ಟು ದೊಡ್ಡದಾದ ಎರಡು ಗಾಜಿನ ಪೆಟ್ಟಿಗೆಗಳು. ಟೆರೇರಿಯಂ ಎನ್ನುತ್ತಾನೆ. ಒಂದರಲ್ಲಿ ಚಪ್ಪಟೆ ಕಲ್ಲುಗಳು, ಕೆಳಗಡೆ ಬೆಚ್ಚಗಿಡುವ ವಿದ್ಯುತ್ತಿನ ಹಾಸು, ಮೂಲೆಯಲ್ಲಿ ತೇವದ ಪಾಚಿ ತುಂಬಿದ ಒಂದು ಗೂಡು. ಅದರಲ್ಲಿ ಹಳದಿ ಮೈಮೇಲೆ ಚಿರತೆಯ ಹಾಗೆ ಕಪ್ಪು ಚುಕ್ಕೆಯಿದ್ದ ಹಲ್ಲಿ. ಇದರ ಮೂಲಸ್ಥಾನ ಅಫಘಾನಿಸ್ತಾನ, ಪಾಕಿಸ್ತಾನ ಮತ್ತು ನಮ್ಮ ದೇಶದ ವಾಯವ್ಯ ಭಾಗದ ಒಣ ಕಲ್ಲುಗುಡ್ಡ. ನಮ್ಮ ಗೋಡೆಯ ಹಲ್ಲಿಗೆ ರೆಪ್ಪೆಯಿಲ್ಲ, ನಾಲಿಗೆಯಿಂದಲೇ ಕಣ್ಣು ಒರೆಸಿಕೊಳ್ಳುತ್ತದೆ; ಇದಕ್ಕೆ ರೆಪ್ಪೆ ಉಂಟು. ಗಾಜಿನ ಮೇಲೆ ಹತ್ತಲು ಬಾರದು, ಉಗುರೂರಿ ನೆಲದ ಮೇಲೆ ನಡೆಯುತ್ತದೆ. ಇನ್ನೊಂದು ಪೆಟ್ಟಿಗೆಯಲ್ಲಿ ಗಿಡಬಳ್ಳಿ, ತುಂತುರು ನೀರು. ಅದರಲ್ಲಿದ್ದದ್ದು ಕಣ್ಣ ಮೇಲೆ ಮುಳ್ಳಿನ ಸಾಲು ಹೊತ್ತ ಹಲ್ಲಿ. ಶಾಂತಸಾಗರದ ನ್ಯೂ ಕ್ಯಾಲೆಡೋನಿಯಾ ಎಂಬ ದ್ವೀಪದ್ದಂತೆ. ಈ ಜಾತಿಯೇ ಅಳಿದುಹೋಯಿತೆಂದು ತಿಳಿದಿದ್ದವರಿಗೆ 1994ರಲ್ಲಿ ಮತ್ತೆ ಸಿಕ್ಕಿತು. ಅದರ ಬಾಲ ಒಮ್ಮೆ ಕಳಚಿದರೆ ಮತ್ತೆ ಬೆಳೆಯುವುದಿಲ್ಲ. ಅವನ ಹಲ್ಲಿಗೆ ಬಾಲವಿರಲಿಲ್ಲ.

ಆ ಸಲ ನಾನು ಅಲ್ಲಿ ಉಳಿದದ್ದೇ ಅವುಗಳಿಗಾಗಿ. ಅವನಿಗೆ ಆಫೀಸಿನ ಕೆಲಸದ ಮೇಲೆ ಒಂಬತ್ತು ದಿನ ಪರಊರಿಗೆ ಹೋಗಬೇಕಿತ್ತು. ‘ಅತ್ತಿ, ನೀ ಇದ್ದರ ನನಗ ಚಿಂತಿಲ್ಲ. ಮುಳ್ಳಿಂದಕ್ಕ ಈ ಪುಡಿ ನೀರಾಗ ಕಲಸಿ ಇಡು. ಚುಕ್ಕಿದಕ್ಕ ಒಂದು ದಿನಾ ಬಿಟ್ಟು ಒಂದು ದಿನಾ ಐದಾರು ಕ್ರಿಕೆಟ್ ಹಾಕು, ಅಷ್ಟ.’

ಕ್ರಿಕೆಟ್ ಎಂದರೆ ನನಗೆ ಗೊತ್ತಿದ್ದದ್ದು ಚೆಂಡು ದಾಂಡಿನ ಆಟ. ಅವನು ಒಂದು ಪ್ಲಾಸ್ಟಿಕ್ ಡಬ್ಬಿ ತೆರೆದು ತೋರಿಸಿದ. ಮೊಟ್ಟೆಯಿಡುವ ರಟ್ಟಿನ ತಟ್ಟೆಯ ಸಂದುಗಳಲ್ಲಿ, ಮಳೆಗಾಲದ ರಾತ್ರಿ ನಮ್ಮ ಹಿತ್ತಲಲ್ಲಿ ಕಿರ್‌ಕಿರ್ ಎನ್ನುವ ಹುಳಗಳು. ಎಲ್ಲವೂ ಜೀವಂತ. ಅಲುಗಾಡದ್ದನ್ನು ಚುಕ್ಕೆಹಲ್ಲಿ ಆಹಾರವೆಂದು ಗುರುತಿಸುವುದೇ ಕಡಿಮೆಯಂತೆ. ಹಾಕುವ ಹಿಂದಿನ ದಿನ ಹುಳಗಳಿಗೆ ಗಜ್ಜರಿ, ಸೊಪ್ಪು ತಿನ್ನಿಸಬೇಕು, ಆ ಸತ್ವ ಹಲ್ಲಿಗೆ ಸೇರಲೆಂದು. ಆಮೇಲೆ ಅವುಗಳ ಮೈಗೆ ಕ್ಯಾಲ್ಸಿಯಂ ಪುಡಿ ಸವರಬೇಕು. ಸಾಕಿದ ಹುಳದಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ಕಡಿಮೆ. ಪುಡಿ ತಪ್ಪಿದರೆ ಹಲ್ಲಿಯ ದವಡೆ ರಬ್ಬರಿನಂತಾಗಿ ಕಾಲು ಸೊಟ್ಟಗಾಗುತ್ತದೆ. ತಿನ್ನದೆ ಉಳಿದ ಹುಳವನ್ನು ರಾತ್ರಿ ಒಳಗೆ ಬಿಡಬಾರದು, ಅದು ಹಲ್ಲಿಯನ್ನೇ ಕಚ್ಚುತ್ತದೆ. ಬಾಣಂತಿಯ ಪಥ್ಯಕ್ಕೂ ನಮ್ಮ ಮನೆಯಲ್ಲಿ ಇಷ್ಟು ಕಟ್ಟುಪಾಡು ಇರಲಿಲ್ಲ.

ನಮ್ಮದು ಮೊಟ್ಟೆ ಸಹ ಒಳಗೆ ತರದ ಮನೆ. ಇರುವೆ ಸಾಲು ಹಚ್ಚಿದರೆ ನನ್ನ ಅತ್ತೆ ಅದರ ಬಾಯಿಗೆ ಸಕ್ಕರೆ ಇಟ್ಟು ‘ಹೋಗ್ರವಾ’ ಎನ್ನುತ್ತಿದ್ದರು. ಅಂಥ ಮನೆಯಿಂದ ಬಂದ ನಾನು ಮೊದಲ ಸಂಜೆ ಚಿಮಟ ಹಿಡಿದು ಡಬ್ಬಿಯ ಮುಂದೆ ಕುಳಿತೆ. ಮುಳ್ಳುಹಲ್ಲಿಗೆ ಪುಡಿ ಕಲಸಿಟ್ಟದ್ದಾಗಿತ್ತು. ಕೂಸಿಗೆ ಸರಿ ಕಲಸಿದಷ್ಟೇ ಪ್ರೀತಿಯಿಂದ ಕಲಸಿದ್ದೆ. ಹಣ್ಣಿನ ವಾಸನೆಯ ಆ ಪುಡಿಯಲ್ಲಿ ಯಾವ ಪ್ರೋಟೀನು ಇದೆಯೆಂದು ಡಬ್ಬಿಯ ಮೇಲೆ ಓದಿ ನೋಡುವ ಗೋಜಿಗೆ ಹೋಗಲಿಲ್ಲ. ಕಣ್ಣಿಗೆ ಕಾಣದಿದ್ದರಾಯಿತು. ಆದರೆ ಹುಳ? ಚಿಮಟದ ತುದಿಯಲ್ಲಿ ಅದು ಕಾಲು ಝಾಡಿಸಿತು. ನನ್ನ ಕೈ ನಡುಗಿತು. ಬಾಲ್ಕನಿಗೆ ಹೋಗಿ ಆರೂ ಹುಳಗಳನ್ನು ಹೂವಿನ ಕುಂಡದಲ್ಲಿ ಬಿಟ್ಟುಬಂದೆ. ರಾತ್ರಿ ಫೋನ್ ಬಂತು. ‘ತಿಂತೇನ ಅತ್ತಿ?’ ‘ತಿಂತಪಾ’ ಎಂದೆ.

ಹೀಗೆ ಮೂರು ಸರತಿ ಸುಳ್ಳು ಹೇಳಿದೆ. ಸುಳ್ಳಿನ ಜೊತೆಗೊಂದು ಹೆಮ್ಮೆಯೂ ಇತ್ತು ಎಂದು ಒಪ್ಪಿಕೊಳ್ಳಬೇಕು. ಹದಿನೆಂಟು ಜೀವ ಉಳಿಸಿದೆ ಎಂದು ಲೆಕ್ಕ ಹಾಕಿಕೊಂಡಿದ್ದೆ.

ಆರನೆಯ ದಿನ ರಾತ್ರಿ ಬಾಲ್ಕನಿಯ ದೀಪ ಹಾಕಿದಾಗ ಕುಂಡದ ಹಿಂದಿನ ಗೋಡೆಯ ಮೇಲೆ ಒಂದು ಸಾಧಾರಣ ಮನೆಹಲ್ಲಿ ಕಂಡಿತು. ಬಾಯಲ್ಲಿ ನಾನು ಬಿಟ್ಟ ಹುಳ. ಎರಡು ಕಾಲು ಹೊರಗೆ ಚಾಚಿದ್ದವು. ಹಲ್ಲಿ ಎರಡು ಸಲ ತಲೆ ಕೊಡವಿ ನುಂಗಿತು. ನಾನು ದೀಪ ಆರಿಸಿ ಒಳಗೆ ಬಂದೆ. ಮನಸ್ಸಿಗೆ ಏನೂ ಅನ್ನಿಸಲಿಲ್ಲ. ಅದರ ಹೊಟ್ಟೆಪಾಡು, ಅದು ನೋಡಿಕೊಂಡಿತು.

ಹಾಸಿಗೆಯ ಮೇಲೆ ಬಿದ್ದಾಗ ನಿದ್ದೆ ಬರಲಿಲ್ಲ. ಅದೇ ಹುಳ, ಅದೇ ಜಾತಿಯ ಬಾಯಿ, ಅದೇ ಸಾವು. ಗೋಡೆಯ ಮೇಲೆ ಆದರೆ ನನಗೆ ಏನೂ ಅನ್ನಿಸುವುದಿಲ್ಲ, ಗಾಜಿನೊಳಗೆ ಆದರೆ ಪಾಪವೆನಿಸುತ್ತದೆ. ಹಾಗಾದರೆ ನನ್ನ ಮರುಕ ಹುಳದ ಮೇಲೋ, ನನ್ನ ಕೈಯ ಮೇಲೋ?

ಯೋಚಿಸಿದಷ್ಟೂ ನನ್ನ ಕೈ ಮೊದಲೇ ಅಷ್ಟೇನೂ ಶುಭ್ರವಾಗಿರಲಿಲ್ಲ ಎನ್ನುವುದು ಹೊಳೆಯತೊಡಗಿತು. ಅಂದು ನಾನು ಉಟ್ಟಿದ್ದು ಇಳಕಲ್ ಸೀರೆ. ಅದರ ರೇಷ್ಮೆಯ ಸೆರಗಿಗೆ ಎಷ್ಟು ಗೂಡು ಕುದಿಯುವ ನೀರಿಗೆ ಬಿದ್ದಿರಬೇಕು? ಗಜೇಂದ್ರಗಡದ ಮಗ್ಗದ ಮುಂದೆ ಕುಳಿತು ಬಣ್ಣ ಆರಿಸುವಾಗ ಆ ಹುಳದ ನೆನಪು ನಮಗೆ ಯಾರಿಗಾದರೂ ಬಂದದ್ದುಂಟೇ? ನಮ್ಮ ಎರೆಹೊಲದ ಕಡಲೆಗೆ ಕಾಯಿಕೊರಕ ಬಿದ್ದಾಗ ಔಷಧ ಹೊಡೆಸುತ್ತೇವೆ. ಒಂದು ಎಕರೆಯಲ್ಲಿ ಸತ್ತವನ್ನು ಎಣಿಸುವವರಿಲ್ಲ. ಕೊಂದದ್ದು ಆಳು, ಪಂಪು, ಬಾಟಲಿಯ ಮೇಲಿನ ಕಂಪನಿ. ಕಡಲೆಬ್ಯಾಳಿ ಕುದಿಸಿ ಹೋಳಿಗೆ ತಟ್ಟುವವಳು ಮಾತ್ರ ನಾನು. ನಡುವೆ ನಾಲ್ಕು ಕೈ ದಾಟಿ ಬಂದದ್ದು ನಮಗೆ ಕೊಲೆಯಾಗಿ ಕಾಣುವುದಿಲ್ಲ. ಆ ನಾಲ್ಕು ಕೈ ಇಲ್ಲದೆ ಚಿಮಟ ನೇರ ನನ್ನ ಬೆರಳಿಗೆ ಬಂದಾಗ ನಾನು ದಯಾವಂತೆಯಾದೆ!

ಆದರೂ ಗೋಡೆಗೂ ಗಾಜಿಗೂ ಭೇದವಿಲ್ಲವೆಂದು ನಾನು ಹೇಳಲಾರೆ. ಗೋಡೆಯ ಮೇಲೆ ಇಬ್ಬರೇ: ಹಲ್ಲಿ ಮತ್ತು ಹುಳ. ಹುಳಕ್ಕೆ ಓಡಲು ಇಡೀ ಬಾಲ್ಕನಿ, ಹಲ್ಲಿಗೆ ಬೇರೆ ಬೇಟೆ ಹುಡುಕಲು ಇಡೀ ರಾತ್ರಿ. ಗಾಜಿನ ಪೆಟ್ಟಿಗೆಯಲ್ಲಿ ಮೂರನೆಯವರು ಬಂದು ಬಾಗಿಲು ಹಾಕಿರುತ್ತಾರೆ. ಆಗ ಹುಳಕ್ಕೆ ಓಡುವ ದಾರಿ ಇಲ್ಲ, ಹಲ್ಲಿಗೆ ಹುಡುಕುವ ದಾರಿ ಇಲ್ಲ. ಬಾಗಿಲು ಹಾಕಿದವರ ಹೆಗಲಿಗೆ ಎರಡೂ ಬೀಳುತ್ತವೆ, ಒಂದರ ಹಸಿವು ಮತ್ತು ಇನ್ನೊಂದರ ಸಾವು. ಹುಳ ಕೊಲ್ಲಲಾರೆ ಎನ್ನುವವರು ಬಾಗಿಲು ಹಾಕುವ ಮೊದಲು ಅದನ್ನು ಹೇಳಬೇಕು. ಹಾಕಿದ ಮೇಲೆ ಹೇಳಿದರೆ ಅದು ಅಹಿಂಸೆಯಾಗುವುದಿಲ್ಲ, ಉಪವಾಸ ಕೆಡವುವುದಾಗುತ್ತದೆ. ಬಾಗಿಲು ಹಾಕಿದವನು ನನ್ನ ಅಣ್ಣನ ಮಗ, ನಿಜ. ಆದರೆ ಕೀಲಿಕೈ ಇಸಗೊಂಡವಳು ನಾನು.

ಎದ್ದು ಹಾಲ್‌ಗೆ ಬಂದೆ. ಚುಕ್ಕೆಹಲ್ಲಿ ಗಾಜಿನ ಹತ್ತಿರ ಬಂದು ತಲೆಯೆತ್ತಿ ನಿಂತಿತ್ತು. ನನ್ನ ಕೈಯನ್ನೇ ನೋಡುತ್ತಿತ್ತು. ನಿಧಾನವಾಗಿ ಒಮ್ಮೆ ರೆಪ್ಪೆ ಬಡಿಯಿತು. ಅದರಲ್ಲಿ ದೂರೇನೂ ಇರಲಿಲ್ಲ. ಹಲ್ಲಿಗೆ ದೂರುವುದು ಗೊತ್ತಿದೆಯೋ ಇಲ್ಲವೋ. ನನಗೇ ತಡೆಯಲಾಗಲಿಲ್ಲ. ಹುಳದ ಮೈಗೆ ಪುಡಿ ಸವರಿ ಒಂದೊಂದಾಗಿ ಬಿಟ್ಟೆ. ಬಾಲದ ತುದಿ ಬೆಕ್ಕಿನ ಬಾಲದಂತೆ ನಡುಗಿತು, ಮರುಕ್ಷಣ ಹಾರಿ ಹಿಡಿಯಿತು. ನಾನು ಮುಖ ತಿರುಗಿಸಲಿಲ್ಲ. ಕೊಡುವುದಾದರೆ ನೋಡಿಯೇ ಕೊಡಬೇಕು ಅನ್ನಿಸಿತು.

ಅವನು ಬಂದ ದಿನ ಎಲ್ಲ ಹೇಳಿಬಿಟ್ಟೆ. ಸಿಟ್ಟಾಗುತ್ತಾನೆ ಅಂದುಕೊಂಡಿದ್ದೆ. ಅವನು ಹಲ್ಲಿಯ ಬಾಲ ನೋಡಿ, ‘ಏನೂ ಆಗಿಲ್ಲ ಬಿಡು ಅತ್ತಿ. ಇದರ ಬಾಲದಾಗ ಕೊಬ್ಬು ಇರತೈತಿ. ದೊಡ್ಡದಾಗಿದ್ದಕ್ಕ ವಾರಗಟ್ಟಲೆ ತಡಕೋತೈತಿ’ ಎಂದ. ಕೇಡಾಗಲಿಲ್ಲ. ಅದು ನನ್ನ ಪುಣ್ಯವಲ್ಲ, ಅದರ ಬಾಲದ ಪುಣ್ಯ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಮರುವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವನು ಊರಿಗೆ ಬಂದ, ಬ್ಯಾಟರಿ ಮತ್ತು ಗಾಳಿಗೆ ತೂತು ಮಾಡಿದ ಎರಡು ಡಬ್ಬಿಯ ಸಮೇತ. 2015ರಲ್ಲಿ ಹಂಪಿಯ ಬಂಡೆಗಳ ನಡುವೆ ಒಂದು ಹೊಸ ಹಲ್ಲಿಯನ್ನು, 2018ರಲ್ಲಿ ನಮ್ಮ ಪಕ್ಕದ ಬಾಗಲಕೋಟೆಯಿಂದ ನೆಲದ ಮೇಲೆ ವಾಸಿಸುವ ಇನ್ನೊಂದನ್ನು ವಿಜ್ಞಾನಿಗಳು ಗುರುತಿಸಿ ಹೆಸರಿಟ್ಟಿದ್ದರು. ಬಾಗಲಕೋಟೆಯದಕ್ಕೆ ವಿಜಯರಾಘವನ್ ಎಂಬ ವಿಜ್ಞಾನಿಯ ಹೆಸರು. ‘ಅಲ್ಲಿ ಇದ್ದದ್ದು ನಮ್ಮ ಗಜೇಂದ್ರಗಡದ ಗುಡ್ಡದಾಗೂ ಇರಬಹುದಲ್ಲ ಅತ್ತಿ? ಒಂದು ಜೋಡಿ ಸಿಕ್ಕರ ಸಾಕು’ ಎಂದ. ಕಾಲಕಾಲೇಶ್ವರನ ದರ್ಶನ ಆದಂತಾಯಿತೆಂದು ನಾನೂ ಹೊರಟೆ.

ಕತ್ತಲಾದ ಮೇಲೆ ಗುಡ್ಡದ ಬುಡದಲ್ಲಿ ಅವನು ಒಂದು ಕಲ್ಲು ಎತ್ತಿದ. ಕೆಳಗೆ ಬೆರಳುದ್ದದ, ಮಣ್ಣಿನದೇ ಬಣ್ಣದ ಒಂದು ಹಲ್ಲಿ ಬೆಳಕಿಗೆ ಬೆಚ್ಚಿ ಕುಳಿತಿತ್ತು. ಅದು ಆ ಹೊಸ ಜಾತಿಯೇ, ಬೇರೆಯದೇ, ಅವನಿಗೂ ತಿಳಿಯಲಿಲ್ಲ. ಡಬ್ಬಿಯ ಮುಚ್ಚಳ ಮಾತ್ರ ತೆರೆದಿತ್ತು.

‘ಅಲ್ಲೋ ತಮ್ಮಾ, ಇದಕ್ಕ ಏನು ತಿನ್ನಿಸ್ತಿ?’

‘ಅದ... ಸಣ್ಣ ಹುಳ.’

‘ಯಾವ ಹುಳ ಅಂತ ನಿನಗ ಗೊತ್ತೈತೇನು?’

ಅವನು ಸುಮ್ಮನಾದ. ಅವನೇ ನನಗೆ ಹಿಂದೆ ಹೇಳಿದ್ದ ಒಂದು ಸಂಗತಿಯನ್ನು ನೆನಪಿಸಿದೆ. ದಕ್ಷಿಣ ಚೀನಾದ ಒಂದು ಹಲ್ಲಿಗೆ 1999ರಲ್ಲಿ ಹೆಸರಿಟ್ಟು, ಸಿಕ್ಕ ಜಾಗವನ್ನೂ ಬರೆದರು. ಅದನ್ನು ಓದಿಕೊಂಡೇ ವ್ಯಾಪಾರದವರು ಹೋಗಿ ಹಿಡಿದರು. ಕೆಲವೇ ವರ್ಷಗಳಲ್ಲಿ ಆ ಜಾಗದಲ್ಲಿ ಅದು ಇಲ್ಲವಾಯಿತು. ಈಶಾನ್ಯ ರಾಜ್ಯಗಳ ಟೊಕೆ ಹಲ್ಲಿಗೆ ಇಂಥ ರೋಗ ವಾಸಿಮಾಡುವ ಗುಣವಿದೆ, ಒಂದಕ್ಕೆ ಲಕ್ಷಗಟ್ಟಲೆ ಬೆಲೆ ಎಂಬ ಸುಳ್ಳು ಹಬ್ಬಿ, ಬಡವರು ರಾತ್ರಿಯೆಲ್ಲ ಮರ ಹತ್ತಿದರು. ಕೊನೆಗೆ 2019ರಲ್ಲಿ ಅದನ್ನು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿಸಬೇಕಾಯಿತು. ನಮ್ಮ ಹೆಂಗಸರಿಗೂ ಇದು ಹೊಸದಲ್ಲ. ಪಕ್ಕದ ಮನೆಯವಳಲ್ಲಿ ಇಲ್ಲದ ಅಂಚು ಎಂದರೆ ಎರಡು ಪಟ್ಟು ಕೊಟ್ಟು ತರುತ್ತೇವೆ. ಸೀರೆಯಾದರೆ ಮಗ್ಗದಲ್ಲಿ ಇನ್ನೊಂದು ನೇಯಬಹುದು.

ಅವನ ಮಾತೂ ಕೇಳಿ, ಅದರಲ್ಲೂ ಹುರುಳಿದೆ. ‘ಅತ್ತಿ, ನಾ ಸಾಕಲಿಲ್ಲಂದ್ರ ನನಗೂ ಹಲ್ಲಿ ಅಂದ್ರ ಬಾರಿಗಿ ತಗೊಂಡು ಹೊಡಿಯೂದ ಆಗಿರತಿತ್ತು. ನೀನೂ ಈಗ ಹೊಡಿಯೂದಿಲ್ಲ.’ ಖರೆ. ಅವನ ಮನೆಯಲ್ಲಿರುವವು ಕಾಡು ಕಂಡವಲ್ಲ. ಎಷ್ಟೋ ತಲೆಮಾರಿನಿಂದ ಮನುಷ್ಯರ ಕೈಯಲ್ಲೇ ಹುಟ್ಟಿದವು. ಅವುಗಳನ್ನು ಇನ್ನು ಎಲ್ಲಿಗೂ ಬಿಡುವ ಹಾಗಿಲ್ಲ. ಹದಿನೈದು ಇಪ್ಪತ್ತು ವರ್ಷ ಬದುಕುವ ಜೀವಗಳು, ನಾಳೆ ಮದುವೆಯಾದರೂ, ಊರು ಬಿಟ್ಟರೂ ಅವನೇ ನೋಡಬೇಕು. ಆ ಋಣ ಆಗಿಹೋಗಿದೆ, ತೀರಿಸಲಿ. ಆದರೆ ಕಲ್ಲಿನ ಕೆಳಗಿದ್ದದ್ದು ಯಾರ ಋಣದಲ್ಲೂ ಇರಲಿಲ್ಲ. ಅದನ್ನೇ ಹೇಳಿದೆ: ‘ಡಬ್ಬಿ ಮುಚ್ಚಿದ ಗಳಿಗಿಯಿಂದ ಅದರ ಹಸಿವೆಲ್ಲಾ ನಿಂದು. ಈಗ ಅದು ಅದರದ್ದ ಐತಿ. ಹಂಗ ಇರಲಿ.’

ಅವನು ಬಹಳ ಹೊತ್ತು ಕುಕ್ಕರಗಾಲಲ್ಲಿ ಕುಳಿತಿದ್ದ. ಒಂದು ಫೋಟೋ ತೆಗೆದುಕೊಂಡ. ಆಮೇಲೆ ಕಲ್ಲನ್ನು ಎರಡೂ ಕೈಯಿಂದ ಮೆಲ್ಲಗೆ, ಹಲ್ಲಿ ಸಿಕ್ಕಿಕೊಳ್ಳದಂತೆ, ಇದ್ದ ಹಾಗೆಯೇ ಇಟ್ಟ. ದಾರಿಯುದ್ದಕ್ಕೂ ಮಾತಾಡಲಿಲ್ಲ. ಅವನ ಆಸೆ ಮುರಿದದ್ದಕ್ಕೆ ನನಗೆ ಬೇಸರವಾಗಲಿಲ್ಲವೆಂದರೆ ಅದೂ ಸುಳ್ಳಾದೀತು.

ಈಗಲೂ ನಾನು ವರ್ಷಕ್ಕೊಮ್ಮೆ ಬೆಂಗಳೂರಿಗೆ ಹೋಗುತ್ತೇನೆ. ಚುಕ್ಕೆಹಲ್ಲಿಗೆ ನನ್ನ ಕೈಯ ಗುರುತಿದೆ ಎಂದು ಅವನೆನ್ನುತ್ತಾನೆ. ಹುಳ ಹಾಕುವಾಗ ಇವತ್ತಿಗೂ ನನ್ನ ಎದೆ ಒಮ್ಮೆ ಹೊಡೆದುಕೊಳ್ಳುತ್ತದೆ. ಅದು ನಿಂತುಹೋಗಬಾರದು ಎಂದೂ ಅನ್ನಿಸುತ್ತದೆ. ಊರಿಗೆ ಬಂದಾಗ, ಸಂಜೆ ದೀಪ ಹಚ್ಚಿದ ಮೇಲೆ ನಮ್ಮ ಹಲ್ಲಿ ದೇವರ ಪಟದ ಹಿಂದಿನಿಂದ ಇಣುಕುತ್ತದೆ. ‘ನಿನಗ ನಾ ಏನೂ ಕೊಡಬೇಕಾಗಿಲ್ಲವ್ವಾ’ ಎಂದು ಅದಕ್ಕೆ ಹೇಳಿ, ನಾನು ಅಡುಗೆಮನೆಗೆ ಹೋಗಿ ರೊಟ್ಟಿಗೆ ಹೆಂಚು ಇಡುತ್ತೇನೆ.