ಮೊಲಗಳ ದ್ವೀಪ ಮತ್ತು ಒಂದು ಚಿಪ್ಪು

ನಾವು ಒಸಾಕಾಗೆ ಬಂದು ಎರಡು ವರ್ಷ ಆಯ್ತು. ಈ ಸಲ ಊರಿಂದ ಅಮ್ಮ ಬಂದಿದ್ದರು. ಅವರಿಗೆ ಹಿರೋಶಿಮಾ ನೋಡಬೇಕಿತ್ತು, ಎಂಟು ವರ್ಷದ ಮಗಳಿಗೆ ಮೊಲ ನೋಡಬೇಕಿತ್ತು. ಅದೃಷ್ಟಕ್ಕೆ ಎರಡೂ ಒಂದೇ ಕಡೆ ಸಿಕ್ಕವು. ಮೊದಲ ದಿನ ಹಿರೋಶಿಮಾ, ಮಾರನೇ ದಿನ ಅದೇ ಪ್ರಾಂತ್ಯದ ಒಕುನೋಶಿಮಾ ದ್ವೀಪ.

ಹಿರೋಶಿಮಾದಲ್ಲಿ ಮಗಳಿಗೆ ಬಾಂಬಿನ ಬಗ್ಗೆ ಹೇಳೋದು ಅಷ್ಟೇನೂ ಕಷ್ಟ ಆಗಲಿಲ್ಲ. ಯಾರು ಹಾಕಿದರು, ಯಾರು ಸತ್ತರು ಅನ್ನೋದು ಸ್ಪಷ್ಟವಾಗಿತ್ತು. ಅವಳು ಕಾಗದದ ಕೊಕ್ಕರೆ ಮಡಚಿ ಇಟ್ಟು ಕೈಮುಗಿದಳು.

ಒಕುನೋಶಿಮಾಗೆ ತದನೌಮಿ ಅನ್ನೋ ಪುಟ್ಟ ಬಂದರಿನಿಂದ ಹಡಗು. ಕಾಲು ಗಂಟೆ ದಾರಿ. ದ್ವೀಪದ ಸುತ್ತಳತೆ ಸುಮಾರು 4 ಕಿಲೋಮೀಟರ್, ಅಷ್ಟರಲ್ಲೇ ನೂರಾರು ಮೊಲಗಳು. ನಾಯಿ, ಬೆಕ್ಕು ತರೋ ಹಾಗಿಲ್ಲ. ಮಗಳು ಎಲೆಕೋಸು ಹಿಡಿದು ಕೂತಿದ್ದೇ ತಡ, ಮೊಲಗಳು ಅವಳ ಮಡಿಲನ್ನೇ ಹತ್ತಿಬಿಟ್ಟವು. ಅಮ್ಮ ಕೂಡ ಸೀರೆ ಎತ್ತಿ ಕಟ್ಟಿ ನೆಲದ ಮೇಲೇ ಕೂತರು.

ಆಮೇಲೆ ನಡೀತಾ ಹೋದರೆ ಕಿಟಕಿಗಳೆಲ್ಲ ಒಡೆದುಹೋದ, ಬಳ್ಳಿ ಹಬ್ಬಿದ ದೊಡ್ಡ ಕಾಂಕ್ರೀಟ್ ಕಟ್ಟಡ. "ಇದು ಯಾರ ಮನೆ?" ಅಂದಳು ಮಗಳು.

ಮನೆಯಲ್ಲ, ಅದೊಂದು ವಿದ್ಯುತ್ ಸ್ಥಾವರ. 1929ರಿಂದ 1945ರವರೆಗೆ ಜಪಾನಿನ ಸೇನೆ ಈ ದ್ವೀಪದಲ್ಲಿ ವಿಷಾನಿಲ ತಯಾರಿಸಿತು. ಒಟ್ಟು 6 ಸಾವಿರ ಟನ್ನಿಗೂ ಹೆಚ್ಚು. ಅದನ್ನು ಚೀನಾದಲ್ಲಿ ಬಳಸಿದರು. ಕೆಲಸಗಾರರು ಮನೆಯವರ ಹತ್ತಿರ ಕೂಡ ಬಾಯಿಬಿಡೋ ಹಾಗಿರಲಿಲ್ಲ. ದ್ವೀಪವನ್ನು ನಕ್ಷೆಯಿಂದಲೇ ಅಳಿಸಿದ್ದರು. ಇದನ್ನೆಲ್ಲ ಹೇಳೋಕೆ ಇಲ್ಲೊಂದು ಚಿಕ್ಕ ಮ್ಯೂಸಿಯಂ ಇದೆ, 1988ರಲ್ಲಿ ಶುರುವಾಗಿದ್ದು. ಒಳಗೆ ಮುಖವಾಡಗಳು, ರಬ್ಬರ್ ಉಡುಪುಗಳು, ಶ್ವಾಸಕೋಶ ಕೆಟ್ಟುಹೋದ ಕೆಲಸಗಾರರ ಕತೆ.

ಗಂಡ ಮೆಲ್ಲಗೆ ಅಂದ, "ಅವಳಿಗೆ ಈಗ ಬೇಡ. ಮೊಲ ನೋಡೋಕೆ ಬಂದಿದಾಳೆ, ನೋಡ್ಕೊಂಡು ಹೋಗ್ಲಿ."

ನನಗೂ ಹಾಗೇ ಅನ್ನಿಸ್ತು. ಆದರೆ ಒಂದು ಪ್ರಶ್ನೆ ಕಾಡಿತು. ನಿನ್ನೆ ಹೇಳಬಹುದಾಗಿದ್ದನ್ನು ಇವತ್ತು ಯಾಕೆ ಹೇಳಬಾರದು? ಎರಡೂ ಸಾವಿನ ಕತೆಯೇ. ವ್ಯತ್ಯಾಸ ಇಷ್ಟೇ: ನಿನ್ನೆ ನಾವು ನಿಂತಿದ್ದು ನೊಂದವರ ಊರಲ್ಲಿ, ಇವತ್ತು ನೋಯಿಸಿದವರ ಕಾರ್ಖಾನೆಯಲ್ಲಿ. ಹಾಗಾದರೆ ನಾವು ಮಕ್ಕಳಿಗೆ ಬೇಡ ಅನ್ನೋದು ಹಿಂಸೆಯ ಕತೆಯನ್ನೋ, ಅಥವಾ ತಪ್ಪಿತಸ್ಥರು ನಮ್ಮವರೇ ಆಗಿರೋ ಕತೆಯನ್ನೋ?

ನನ್ನ ಗುಟ್ಟು ಹೇಳಿಬಿಡ್ತೀನಿ. ಹೋದ ವರ್ಷ ಶಾಲೆಯಲ್ಲಿ 'ನಿಮ್ಮ ಕುಟುಂಬದ ಹಳೇ ಮನೆಯ ನಕ್ಷೆ ಬಿಡಿಸಿ' ಅಂತ ಕೊಟ್ಟಿದ್ದರು. ನಾನು ಮಲೆನಾಡಿನ ಅಜ್ಜನ ಮನೆ ಹೇಳಿಕೊಟ್ಟೆ. ಜಗಲಿ, ಉಯ್ಯಾಲೆ, ಬಾವಿ, ಅಡಿಕೆ ತೋಟ, ಎಲ್ಲಾ ಬಂತು. ಕೊಟ್ಟಿಗೆಯ ಗೋಡೆಗೆ ಸಿಕ್ಕಿಸಿರ್ತಿದ್ದ ತೆಂಗಿನ ಚಿಪ್ಪು ಮಾತ್ರ ಬರಲಿಲ್ಲ. ತೋಟದ ಕೆಲಸಕ್ಕೆ ಬರ್ತಿದ್ದವರಿಗೆ ಕಾಫಿ ಸುರೀತಿದ್ದ ಚಿಪ್ಪು ಅದು. ಎತ್ತರದಿಂದ, ತಾಗದ ಹಾಗೆ.

ಚಿಪ್ಪು ಮತ್ತು ವಿಷಾನಿಲ ಒಂದೇ ಅಂತ ನಾನು ಹೇಳ್ತಿಲ್ಲ. ಅಳಿಸೋ ರೀತಿ ಒಂದೇ ಅಂತಿದೀನಿ.

"ಕಾಲವೇ ಹಾಗಿತ್ತು" ಅನ್ನೋ ಮಾತಿದೆ. ಯುದ್ಧದಲ್ಲಿ ವಿಷಾನಿಲ ಬಳಸಬಾರದು ಅನ್ನೋ ಜಿನೀವಾ ಒಪ್ಪಂದ ಆಗಿದ್ದು 1925ರಲ್ಲೇ. ಜಪಾನ್ ಅದಕ್ಕೆ ಸಹಿ ಹಾಕಿತ್ತು. ಅಂದರೆ ಗೊತ್ತಿತ್ತು. ಅಜ್ಜನ ಮನೆಯಲ್ಲೂ ಅಷ್ಟೇ. ಬೆಂಗಳೂರಿಂದ ಅಪ್ಪನ ಆಫೀಸಿನವರು ಬಂದ ದಿನ ಆ ಚಿಪ್ಪು ಕಾಣಿಸ್ತಿರಲಿಲ್ಲ, ಸ್ಟೀಲ್ ಲೋಟ ಹೊರಗೆ ಬರ್ತಿತ್ತು. ಗೊತ್ತೇ ಇಲ್ಲದವರು ಯಾಕೆ ಬಚ್ಚಿಡ್ತಾರೆ?

ಇನ್ನೊಂದು ವಾದ, ಮಾಡದ ತಪ್ಪಿಗೆ ಮಗುವಿನ ಮೇಲೆ ಯಾಕೆ ಹೊರೆ ಅನ್ನೋದು. ಇದರಲ್ಲಿ ನಿಜ ಇದೆ. ಅವಳು ತಪ್ಪಿತಸ್ಥಳಲ್ಲ. ಆದರೆ ಅದೇ ತೋಟದ ದುಡ್ಡಲ್ಲಿ ನಾನು ಇಂಜಿನಿಯರಿಂಗ್ ಓದಿದೆ, ಅದರಿಂದಲೇ ನಾವು ಇಲ್ಲಿಗೆ ಬಂದಿದ್ದು. ಉಯ್ಯಾಲೆ ಅವಳದ್ದು ಅಂತಾದರೆ ಚಿಪ್ಪಿನ ವಿಷಯವೂ ಅವಳಿಗೆ ಗೊತ್ತಿರಬೇಕಲ್ವಾ?

ಅಷ್ಟರಲ್ಲಿ ಮಗಳೇ ಕೇಳಿದಳು. ಮುಖವಾಡದ ಚಿತ್ರ ನೋಡಿದ್ದಳು. ಚಿಕ್ಕದಾಗಿ ಹೇಳಿದೆ. ವಿಷಾನಿಲ ಪರೀಕ್ಷೆಗೆ ಆಗ ಮೊಲಗಳನ್ನು ಬಳಸ್ತಿದ್ದರು ಅಂತಲೂ ಹೇಳಬೇಕಾಯ್ತು. "ಹಾಗಾದ್ರೆ ಇವು ತಪ್ಪಿಸ್ಕೊಂಡ ಮೊಲಗಳ ಮೊಮ್ಮಕ್ಕಳಾ?" ಅಂದಳು, ಕಣ್ಣಲ್ಲಿ ಆಸೆ.

ಹೌದು ಅಂದಿದ್ದರೆ ಎಷ್ಟು ಚೆನ್ನಾಗಿರ್ತಿತ್ತು. ಆದರೆ ಆ ಮೊಲಗಳು ಉಳಿಯಲಿಲ್ಲ. ಈಗಿನವು 1971ರಲ್ಲಿ ಶಾಲಾ ಮಕ್ಕಳು ತಂದುಬಿಟ್ಟ ಎಂಟು ಮೊಲಗಳ ಸಂತಾನ ಅಂತ ಸಾಮಾನ್ಯವಾಗಿ ಹೇಳ್ತಾರೆ. "ಇಲ್ಲ ಪುಟ್ಟಾ, ಅವು ಸತ್ತುಹೋದವು. ಇವು ಬೇರೆ" ಅಂದೆ. ಅತ್ತಳು. ಸ್ವಲ್ಪ ಹೊತ್ತಾದ ಮೇಲೆ ಉಳಿದ ಎಲೆಕೋಸು ಹಿಡಿದು ಮತ್ತೆ ಮೊಲಗಳ ಹತ್ತಿರ ಓಡಿದಳು.

ವಾಪಸ್ ಹಡಗಿನಲ್ಲಿ ನಾನು ಅವಳಿಗೆ ಚಿಪ್ಪಿನ ವಿಷಯವೂ ಹೇಳಿದೆ. ಅಮ್ಮ ಸಮುದ್ರ ನೋಡ್ತಾ ಕೂತಿದ್ದರು, ತಡೀಲಿಲ್ಲ.

"ಮುತ್ತಜ್ಜನಿಗೆ ಅದು ತಪ್ಪು ಅಂತ ಯಾರೂ ಹೇಳ್ಲಿಲ್ವಾ?" ಅಂದಳು ಮಗಳು.

ನನ್ನಲ್ಲಿ ಉತ್ತರ ಇರಲಿಲ್ಲ. ಅಮ್ಮ ತಿರುಗಿದರು.

"ಕಾಫಿ ಸುರೀತಿದ್ದಿದ್ದು ನಾನೇ" ಅಂದರು. "ನಾನು ಹೇಳ್ಬಹುದಿತ್ತು."

ಒಸಾಕಾಗೆ ಬಂದ ಮೇಲೆ ಮಗಳು ಹಳೇ ನಕ್ಷೆ ತೆಗೆದಳು. ಚಿಪ್ಪು ಎಲ್ಲಿತ್ತು ಅಂತ ಅಜ್ಜಿ ಬೆರಳಿಟ್ಟು ತೋರಿಸಿದರು.