ಮದ್ದಿನ ಅಂಗಡಿಯವರನ್ನು ಒಂದು ಮಾತು ಕೇಳಿ

ಆಸಾಡಿ ಮಳೆಯ ಒಂದು ಸಂಜೆ. ಯಡ್ತರೆಯ ಮೆಡಿಕಲ್ಲೊಂದರ ಮುಂದೆ ಐದಾರು ಕೊಡೆಗಳು ನೀರಿಳಿಸುತ್ತ ನಿಂತಿದ್ದವು. ನಟ್ಟಿ ಮುಗಿಸಿ ಬಂದಿದ್ದವರೊಬ್ಬರು ಗಾಜಿನ ಕಟ್ಟೆಗೆ ಒರಗಿ ಕೇಳಿದರು: "ಹ್ವಾಯ್, ನಿನ್ನೆಯಿಂದ ಜರ, ಮೈಕೈ ನೋವು. ನೋವಿಗೆ ಎಂತಾರೂ ಜೋರಿಂದ್ ಮಾತ್ರಿ ಕೊಡಿ. ಆಸ್ಪತ್ರಿಗ್ ಹೋಪುಕೆ ಪುರ್ಸೊತ್ತಿಲ್ಲ."

ಅಂಗಡಿಯವರು ಪ್ಯಾರಾಸಿಟಮಾಲ್ ಮಾತ್ರ ಕತ್ತರಿಸಿ ಕೊಟ್ಟರು. "ನೋವಿನ ಮಾತ್ರಿ ಈಗ ಬ್ಯಾಡ. ನಾಳೆ ಬೆಳಿಗ್ಗೆ ರಕ್ತ ಪರೀಕ್ಷೆ ಮಾಡ್ಸಿ" ಎಂದರು. ಕೇಳಿದವರಿಗೆ ಸಿಟ್ಟು ಬಂತು. "ಇಲ್ಲಿ ಇಲ್ದಿರೆ ಬೇರೆ ಕಡಿಂದ ತಕಂತೆ" ಎಂದು ಕೊಡೆ ಬಿಡಿಸಿಕೊಂಡು ಹೊರಟೇಬಿಟ್ಟರು.

ಅಂದು ನನ್ನ ಕಣ್ಣೆದುರು ನಡೆದದ್ದು ಒಂದು ಜೀವ ಕಾಯುವ ಕೆಲಸ. ಆದರೆ ಅದನ್ನು ಪಡೆದವರಿಗೆ ಅದು ವ್ಯಾಪಾರದ ಮೊಂಡುತನವಾಗಿ ಕಂಡಿತು. ನಮ್ಮ ಕಡೆ ಮಳೆಗಾಲದ ಜ್ವರ ಡೆಂಗ್ಯೂ ಇರಬಹುದು, ಇಲಿಜ್ವರ ಇರಬಹುದು. ಮಳೆ ಕಳೆದ ಮೇಲೆ ಘಟ್ಟದ ಬುಡದಲ್ಲಿ ಮಂಗನ ಕಾಯಿಲೆಯ ಹೆದರಿಕೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಆ ಕಾಯಿಲೆ ಘಟ್ಟ ಇಳಿಯಲು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಡೆಂಗ್ಯೂ, ಮಂಗನ ಕಾಯಿಲೆ ಎರಡರಲ್ಲೂ ರಕ್ತಸ್ರಾವದ ಅಪಾಯವಿದೆ. ಡೈಕ್ಲೊಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್‌ನಂಥ ನೋವಿನ ಮಾತ್ರೆಗಳು ಆ ಅಪಾಯವನ್ನು ಹೆಚ್ಚಿಸುತ್ತವೆ. ಇಲಿಜ್ವರ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ, ಈ ಮಾತ್ರೆಗಳು ಆ ಪೆಟ್ಟಿನ ಮೇಲೆ ಇನ್ನೊಂದು ಪೆಟ್ಟು. ಕಟ್ಟೆಯ ಆಚೆ ನಿಂತವರಿಗೆ ಇದು ಗೊತ್ತಿತ್ತು. ಈಚೆ ನಿಂತವರು ಯಾಕೆಂದು ಕೇಳಲಿಲ್ಲ.

ನಾವು ಮದ್ದಿನ ಅಂಗಡಿಯವರನ್ನು ಎರಡೇ ರೀತಿಯಲ್ಲಿ ಕಾಣುತ್ತೇವೆ. ಚೀಟಿ ಇದ್ದರೆ ಅವರು ಅಂಗಡಿಯವರು: ಬರೆದದ್ದು ಕೊಡಬೇಕು, ಬೇಗ ಕೊಡಬೇಕು, ಎಷ್ಟು ಕಡಿಮೆ ಮಾಡುತ್ತಾರೆಂದು ಹೇಳಬೇಕು. ಚೀಟಿ ಇಲ್ಲದಿದ್ದರೆ ಅವರೇ ಡಾಕ್ಟರು: ಕೆಮ್ಮಿಗೂ ಕೊಡಬೇಕು, ಭೇದಿಗೂ ಕೊಡಬೇಕು, ಆ್ಯಂಟಿಬಯೋಟಿಕ್ಕನ್ನೂ ಎರಡೇ ಎರಡು ಕತ್ತರಿಸಿ ಕೊಡಬೇಕು. ಇವೆರಡರ ನಡುವೆ ಅವರ ನಿಜವಾದ ವಿದ್ಯೆ ಇದೆ. ಡಿ.ಫಾರ್ಮ ಎಂದರೆ ಎರಡು ವರ್ಷದ ಓದು, ಮೇಲೆ 500 ಗಂಟೆಯ ತರಬೇತಿ. ಬಿ.ಫಾರ್ಮ ನಾಲ್ಕು ವರ್ಷ. ನಮ್ಮ ಜಿಲ್ಲೆಯ ಮಣಿಪಾಲದಲ್ಲೇ 1963ರಿಂದ ಫಾರ್ಮಸಿ ಕಾಲೇಜಿದೆ. ಮದ್ದು ಮೈಯೊಳಗೆ ಏನು ಮಾಡುತ್ತದೆ, ಯಾವುದರ ಜೊತೆ ಯಾವುದು ಸೇರಬಾರದು ಎಂಬುದೇ ಅಲ್ಲಿನ ಪಾಠ.

ನನಗೆ ಇದು ಮನೆಯಲ್ಲೇ ಅರ್ಥವಾಯಿತು. ಅಮ್ಮನಿಗೆ ಬಿಪಿ ಮಾತ್ರೆ ವರ್ಷಗಳಿಂದ ಇತ್ತು. ಒಮ್ಮೆ ಮಂಡಿನೋವಿಗೆಂದು ದೊಡ್ಡಾಸ್ಪತ್ರೆಯೊಂದಕ್ಕೆ ಹೋದಾಗ ಅಲ್ಲಿಯೂ ಬಿಪಿ ನೋಡಿ ಒಂದು ಮಾತ್ರೆ ಬರೆದರು. ಹಳೆಯ ಚೀಟಿ ಒಯ್ದಿರಲಿಲ್ಲ, ಅದು ನಮ್ಮ ತಪ್ಪು. ಅಮ್ಮ ಎರಡನ್ನೂ ನಿಷ್ಠೆಯಿಂದ ನುಂಗಿದರು. ವಾರ ಕಳೆಯುವಷ್ಟರಲ್ಲಿ ಹಾಸಿಗೆಯಿಂದ ಏಳುವಾಗ ತಲೆ ತಿರುಗತೊಡಗಿತು. ಪ್ರಾಯವಾಯಿತಲ್ಲ ಎಂದುಕೊಂಡೆವು. ಮಾತ್ರೆ ಮುಗಿದಾಗ ಎರಡೂ ಖಾಲಿ ಪಟ್ಟಿಗಳನ್ನು ಹಿಡಿದುಕೊಂಡು ಮೆಡಿಕಲ್ಲಿಗೆ ಹೋದೆ. ಅಂಗಡಿಯಾತ ಎರಡನ್ನೂ ದೀಪಕ್ಕೆ ಹಿಡಿದು, ದೊಡ್ಡಕ್ಷರದ ಹೆಸರನ್ನು ಬಿಟ್ಟು ಕೆಳಗಿನ ಸಣ್ಣಕ್ಷರವನ್ನು ಉಗುರಿನಿಂದ ತೋರಿಸಿದರು. ಎರಡರಲ್ಲೂ ಟೆಲ್ಮಿಸಾರ್ಟಾನ್. ಕಂಪನಿ ಬೇರೆ, ಹೆಸರು ಬೇರೆ, ಮದ್ದು ಒಂದೇ. "ಇವತ್ತೇ ಡಾಕ್ಟ್ರಿಗೆ ಫೋನ್ ಮಾಡಿ ಕೇಳಿ, ಆಮೇಲೆ ಕೊಡ್ತೆ" ಎಂದರು. ಆ ಹೊತ್ತಿನಲ್ಲಿ ಅವರು ಒಂದು ಪಟ್ಟಿ ಮಾರಾಟವನ್ನು ಕಳೆದುಕೊಂಡರು. ಅಮ್ಮನ ತಲೆಸುತ್ತು ನಿಂತಿತು.

ಇದು ಅವರ ಔದಾರ್ಯ ಮಾತ್ರವಲ್ಲ, ನಮ್ಮ ಹಕ್ಕು. 1948ರ ಫಾರ್ಮಸಿ ಕಾಯ್ದೆಯ ಪ್ರಕಾರ ವೈದ್ಯರ ಚೀಟಿಗೆ ಮದ್ದು ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟರೇ. 2015ರ ನಿಯಮಗಳು ಇನ್ನೂ ಮುಂದೆ ಹೋಗಿ, ಮದ್ದನ್ನು ಹೇಗೆ ತೆಗೆದುಕೊಳ್ಳಬೇಕು, ಹೇಗೆ ಇಡಬೇಕು, ಅಡ್ಡಪರಿಣಾಮ ಏನು, ಒಂದು ಹೊತ್ತು ಮರೆತರೆ ಏನು ಮಾಡಬೇಕು ಎಂದು ರೋಗಿಗೆ ತಿಳಿಸುವುದನ್ನೂ ಅವರ ಕರ್ತವ್ಯವಾಗಿಸಿವೆ. ಆ್ಯಂಟಿಬಯೋಟಿಕ್ಕುಗಳಲ್ಲಿ ಹಲವು 2014ರಿಂದ ಎಚ್1 ಪಟ್ಟಿಯಲ್ಲಿವೆ. ಅವನ್ನು ಕೊಟ್ಟರೆ ವೈದ್ಯರ ಮತ್ತು ರೋಗಿಯ ಹೆಸರನ್ನು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಚೀಟಿ ಇಲ್ಲದೆ ಕೊಡುವುದಿಲ್ಲ ಎಂದವರ ಮೇಲೆ ಮುನಿಸಿಕೊಳ್ಳುವ ಮೊದಲು ಇದನ್ನು ನೆನೆಯಬೇಕು.

ಎಲ್ಲ ಕಡೆಯೂ ಹೀಗೇ ನಡೆಯುತ್ತದೆ ಎನ್ನಲಾರೆ. ಗೋಡೆಯಲ್ಲಿ ಫಾರ್ಮಸಿಸ್ಟರ ಸರ್ಟಿಫಿಕೇಟು ನೇತಾಡುತ್ತಿದ್ದು, ಕಟ್ಟೆಯ ಹಿಂದೆ ಓದದ ಹುಡುಗನೊಬ್ಬನೇ ನಿಂತಿರುವ ಅಂಗಡಿಗಳಿವೆ. ಅದು ತಪ್ಪು, ಅಪಾಯವೂ ಹೌದು. ಆದರೆ ನಾವು ಪ್ರಶ್ನೆಯನ್ನೇ ಕೇಳದಿದ್ದರೆ ಓದಿದವರಿಗೂ ಓದದವರಿಗೂ ವ್ಯತ್ಯಾಸ ತಿಳಿಯುವುದಾದರೂ ಹೇಗೆ? ಬಸ್ಸು ಬಂತೆಂದು ಪೊಟ್ಟಣ ಕಸಿದುಕೊಂಡು ಓಡುವವರ ಹಿಂದೆ ಅವರು ಕೂಗಿ ಹೇಳಲಾರರು.

ಮೊನ್ನೆ ನೆರೆಮನೆಯ ಅಜ್ಜಿಯೊಬ್ಬರ ಮದ್ದಿನ ಪೊಟ್ಟಣ ನೋಡಿದೆ. ಬಿಳಿ ಕಾಗದದ ಮೇಲೆ ಪೆನ್ನಿನಿಂದ ಒಂದು ಸೂರ್ಯ, ಒಂದು ಚಂದ್ರ, ನಡುವೆ ಅನ್ನದ ಬಟ್ಟಲು. ಓದಲು ಬಾರದ ಅಜ್ಜಿಗೆ ಮೆಡಿಕಲ್ಲಿನಲ್ಲಿ ಯಾರೋ ಕೂತು ಬಿಡಿಸಿಕೊಟ್ಟದ್ದು. ಪಟ್ಟಿಯನ್ನು ಕತ್ತರಿಸುವಾಗಲೂ ತಾರೀಕು ಇರುವ ತುದಿಯನ್ನು ಉಳಿಸಿ ಕೊಟ್ಟಿದ್ದರು.

ಮುಂದಿನ ಸಲ ಮೆಡಿಕಲ್ಲಿಗೆ ಹೋಗುವಾಗ ಮನೆಯಲ್ಲಿ ಹಿರಿಯರು ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಆಯುರ್ವೇದದ ಮಾತ್ರೆಯೂ ಇರಲಿ, ಮಗ ದುಬೈಯಿಂದ ತಂದ ಡಬ್ಬಿಯೂ ಇರಲಿ. ಗಿರಾಕಿ ಕಡಿಮೆ ಇರುವ ಮಧ್ಯಾಹ್ನದ ಹೊತ್ತು ನೋಡಿ ಹೋಗಿ. ಫಾರ್ಮಸಿಸ್ಟ್ ಯಾರೆಂದು ಕೇಳಿ, ಚೀಲವನ್ನು ಅವರ ಮುಂದೆ ಬಿಚ್ಚಿಡಿ.